ಅಜ್ಜಿಯ ಮರೆವಿಗೆ ಮಾತ್ರೆ ಬೇಡ, ಕಡಲೆ ನೆನೆಹಾಕು

ಮಗಳೇ,

ಅಜ್ಜಿಯ ಮರೆವಿಗೆ ಪ್ರೋಬಯಾಟಿಕ್ ಮಾತ್ರೆ, ಅಂದರೆ ಜೀವಂತ ಬ್ಯಾಕ್ಟೀರಿಯಾ ತುಂಬಿದ ಮಾತ್ರೆ, ತರಿಸಲೇ ಅಂತ ಕೇಳಿದ್ದೀಯ. ಬೇಡ. ಕರುಳಿನ ಬ್ಯಾಕ್ಟೀರಿಯಾಕ್ಕೂ ಮರೆವಿನ ಕಾಯಿಲೆಯಾದ ಆಲ್ಝೈಮರ್‌ಗೂ ನಂಟಿರುವುದು ಸುಳ್ಳಲ್ಲ. 2023ರಲ್ಲಿ ಐರ್ಲೆಂಡಿನ ಕಾರ್ಕ್‌ನಲ್ಲಿ ರೋಗಿಗಳ ಮಲದ ಬ್ಯಾಕ್ಟೀರಿಯಾವನ್ನು ಆರೋಗ್ಯವಂತ ಇಲಿಗಳಿಗೆ ಸೇರಿಸಿದಾಗ ಅವುಗಳ ನೆನಪು ಮಸುಕಾಯಿತು. ಆದರೆ ಅದೇ ವರ್ಷ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ, ಮಿದುಳಿನ ಕೋಶಗಳಲ್ಲಿರುವ ಟೌ ಎಂಬ ಪ್ರೋಟೀನ್ ಕೆಟ್ಟ ಇಲಿಗಳನ್ನು ಬ್ಯಾಕ್ಟೀರಿಯಾವೇ ಇಲ್ಲದಂತೆ ಬೆಳೆಸಿದರೆ ಮಿದುಳು ಕಡಿಮೆ ಸವೆಯಿತು. ಬ್ಯಾಕ್ಟೀರಿಯಾ ಆಹಾರದ ನಾರಿನಿಂದ ತಯಾರಿಸುವ ಆಮ್ಲಗಳನ್ನು ಆ ಇಲಿಗಳಿಗೆ ಕೊಟ್ಟಾಗ ಮತ್ತೆ ಹಾನಿ ಹೆಚ್ಚಿತು. ಕರುಳಿಗೆ ಒಳ್ಳೆಯದು ಅಂತ ನಾವು ಹೊಗಳುವುದೂ ಇದೇ ಆಮ್ಲಗಳನ್ನೇ! ಇಲಿಯಲ್ಲೇ ಇಷ್ಟು ಗೋಜಲಿರುವಾಗ ಡಬ್ಬಿಯ ಮೇಲಿನ 'ಜ್ಞಾಪಕಶಕ್ತಿಗೆ' ಅನ್ನುವ ಮಾತನ್ನು ಹೇಗೆ ನಂಬುವುದು?

ಮೊದಲು ಮಡಿಕೇರಿಗೆ ಕರೆದುಕೊಂಡು ಹೋಗಿ ಬಿ12 ವಿಟಮಿನ್, ಥೈರಾಯ್ಡ್ ಪರೀಕ್ಷೆ ಮಾಡಿಸು. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಬಿ12 ಇಳಿಯಬಹುದು, ಅದರಿಂದಲೂ ಮರೆವು ಬರಬಹುದು. ಒಂದೆರಡು ದಿನದಲ್ಲೇ ತಟ್ಟನೆ ಗೊಂದಲ ಶುರುವಾದರೆ ಅದು ಆಲ್ಝೈಮರ್ ಇರಲಾರದು. ಮೂತ್ರದ ಸೋಂಕೋ ಹೊಸ ಮಾತ್ರೆಯೋ ಇರಬಹುದು, ಅದೇ ದಿನ ವೈದ್ಯರಿಗೆ ತೋರಿಸು.

ಇನ್ನು ಊಟ. ಇದು ಮರೆವಿಗೆ ಮದ್ದಲ್ಲ, ಹೊಟ್ಟೆ ಸಲೀಸಾಗಿರಲಿ ಅಂತ. ಕಡಂಬುಟ್ಟು, ನೂಲ್‌ಪುಟ್ಟು, ಅಕ್ಕಿ ಒಟ್ಟಿ ಎಲ್ಲವೂ ಅಕ್ಕಿಯೇ, ನಾರು ಕಡಿಮೆ. ದಿನಕ್ಕೆ 25 ಗ್ರಾಂ ನಾರು ಬೇಕು. ಕಡಲೆಕಾಳನ್ನು ಹತ್ತು ಹನ್ನೆರಡು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಬೆರಳಲ್ಲಿ ಒತ್ತಿದರೆ ಹಿಟ್ಟಾಗುವಷ್ಟು ಬೇಯಿಸು. ಮೊದಲ ವಾರ ಎರಡು ಚಮಚ ಮಾತ್ರ, ಆಮೇಲೆ ನಾಲ್ಕು. ಒಮ್ಮೆಗೇ ಬಟ್ಟಲು ತುಂಬ ಕೊಟ್ಟರೆ ಗ್ಯಾಸ್ ತುಂಬಿ ಹೊಟ್ಟೆ ಉಬ್ಬುತ್ತದೆ, ಮರುದಿನದಿಂದ ಅಜ್ಜಿ ಮುಟ್ಟುವುದಿಲ್ಲ. ನೀರು ಕಡಿಮೆಯಾದರೆ ಅದೇ ನಾರು ಮಲಬದ್ಧತೆ ತರುತ್ತದೆ. ಮಳೆಗಾಲದಲ್ಲಿ ಬಾಯಾರಿಕೆ ಗೊತ್ತಾಗದು, ಲೋಟ ಕೈಗೇ ಕೊಡಬೇಕು.

ಮಳೆಗಾಲದ ಕಕ್ಕಡ ತಿಂಗಳಲ್ಲಿ ಬೈಂಬಳೆ, ಅಂದರೆ ಬಿದಿರಿನ ಕಳಲೆ, ಸಿಗುತ್ತದೆ. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶವಿದೆ. ತೆಳ್ಳಗೆ ಹೆಚ್ಚಿ ಮೂರು ದಿನ ನೀರಲ್ಲಿಟ್ಟು, ದಿನವೂ ನೀರು ಬದಲಿಸಿ, ಕುದಿಸಿದ ನೀರನ್ನೂ ಬಸಿದೇ ಪಲ್ಯ ಮಾಡು. ಅವಸರ ಬೇಡ.

ಅಡುಗೆಗೆ ಹುಳಿಯಾಗಿ ಹಾಕುವ ಕಾಚಂಪುಳಿಯಲ್ಲಿ ಬ್ಯಾಕ್ಟೀರಿಯಾ ಇದೆ ಅಂದೆಯಲ್ಲ, ಅದು ಗಂಟೆಗಟ್ಟಲೆ ಕುದಿಸಿ ಇಳಿಸಿದ ರಸ, ಜೀವ ಉಳಿದಿರುವುದಿಲ್ಲ. ಮೊಸರನ್ನೂ ಕುದಿಯುವ ಸಾರಿಗೆ ಹಾಕಬೇಡ, ಊಟದ ಕೊನೆಗೆ ಬಡಿಸು.

ಅಜ್ಜಿಯ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಹರಡಿ ಫೋಟೊ ಕಳಿಸು. ಕೆಲವು ಅಲರ್ಜಿ, ನಿದ್ದೆ ಮಾತ್ರೆಗಳಿಂದಲೂ ಮರೆವು ಹೆಚ್ಚುತ್ತದೆ. ನೀನಾಗಿ ಯಾವುದನ್ನೂ ನಿಲ್ಲಿಸಬೇಡ.

ಅಮ್ಮ