‘ಮಗ’ ಎಂಬ ಮಾತನ್ನು ಅವರು ನಿರಾಕರಿಸಿಲ್ಲ

ಮಾನ್ಯ ಸಂಪಾದಕರೇ,

ಕ್ರೈಸ್ತ ಪಂಥಗಳ ನಡುವಣ ಭಿನ್ನಾಭಿಪ್ರಾಯಗಳನ್ನು ಕುರಿತು ತಮ್ಮ ಪತ್ರಿಕೆಯಲ್ಲಿ ಈಚೆಗೆ ಪ್ರಕಟವಾದ ಲೇಖನವನ್ನು ಗಮನವಿಟ್ಟು ಓದಿದೆ. ಲೇಖನದ ಉದ್ದೇಶ ಒಳ್ಳೆಯದೇ. ಆದರೆ ತಂದೆ, ಮಗ, ಪವಿತ್ರಾತ್ಮ ಎಂಬ ಮೂವರೂ ಒಬ್ಬನೇ ದೇವರು ಎನ್ನುವ ತ್ರಯೇಕತ್ವವನ್ನು ಒಪ್ಪದವರನ್ನೆಲ್ಲ ಒಂದೇ ಗುಂಪಿಗೆ ಸೇರಿಸಿ ಅವರನ್ನು ‘ಯೇಸುವನ್ನು ದೇವರ ಮಗನೆಂದು ಒಪ್ಪದ ಪಂಥಗಳು’ ಎಂದು ಕರೆದಿರುವ ಒಂದು ವಾಕ್ಯ ಅದರಲ್ಲಿದೆ. ಆ ವಾಕ್ಯ ತಪ್ಪು. ತಂದೆ, ಮಗ, ಪವಿತ್ರಾತ್ಮನೆಂಬ ಒಬ್ಬನೇ ದೇವರನ್ನು ಆರಾಧಿಸುವ ಸಭೆಯಲ್ಲಿ ಹುಟ್ಟಿ ಬೆಳೆದು, ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಅದೇ ನಂಬಿಕೆಯನ್ನು ಬಹುಕಾಲದಿಂದ ಕಲಿಸುತ್ತಿರುವವನು ನಾನು. ನಾನು ಒಪ್ಪದ ಮತದವರ ಬಗ್ಗೆಯೇ ಆದರೂ, ಅವರು ಹೇಳದ ಮಾತನ್ನು ಅವರ ತಲೆಗೆ ಕಟ್ಟಿದಾಗ ಸುಮ್ಮನಿರಲು ಮನಸ್ಸು ಬರುವುದಿಲ್ಲ.

ನಾಲ್ಕನೆಯ ಶತಮಾನದ ಆರಂಭದಲ್ಲಿ ಅಲೆಕ್ಸಾಂಡ್ರಿಯದ ಪಾದ್ರಿ ಏರಿಯಸ್ ಅವರು ತಮ್ಮ ಬಿಷಪರಾದ ಅಲೆಕ್ಸಾಂಡರರನ್ನು ಎದುರಿಸಿ ನಿಂತಾಗ, ಯೇಸುವನ್ನು ದೇವರ ಮಗನೆಂದು ಕರೆಯಲು ಅವರಿಗೆ ಎಳ್ಳಷ್ಟೂ ಹಿಂಜರಿಕೆ ಇರಲಿಲ್ಲ. ಅವರ ವಾದವೆಲ್ಲ ಹೊರಟದ್ದೇ ಆ ಪದದಿಂದ. ಮಗ ಎಂದ ಮೇಲೆ ತಂದೆಯ ನಂತರ ಬಂದವನಾಗಿರಬೇಕು, ತಂದೆಯಿಂದ ಇರುವಿಕೆಯನ್ನು ಪಡೆದವನಾಗಿರಬೇಕು; ಆದ್ದರಿಂದ ಮಗನು ಇಲ್ಲದಿದ್ದ ಒಂದು ಸ್ಥಿತಿ ಇದ್ದೇ ಇತ್ತು ಎಂದರು ಅವರು. ಅಲೆಕ್ಸಾಂಡರರ ನಂತರ 328ರಲ್ಲಿ ಬಿಷಪರಾದ ಅಥನೇಸಿಯಸರೂ ಅದೇ ಪದವನ್ನೇ ಹಿಡಿದರು. ಮನುಷ್ಯನು ಮನೆ ಕಟ್ಟುತ್ತಾನೆ, ಮಗನನ್ನು ಪಡೆಯುತ್ತಾನೆ. ಕಟ್ಟಿದ ಮನೆ ಮನುಷ್ಯನಾಗುವುದಿಲ್ಲ, ಹುಟ್ಟಿದ ಮಗನಾದರೋ ಮನುಷ್ಯನೇ. ಹಾಗಿದ್ದ ಮೇಲೆ ದೇವರಿಂದ ಜನಿಸಿದವನು ದೇವರೇ ಆಗಿರಬೇಕಲ್ಲವೇ ಎಂಬುದು ಅವರ ಪ್ರಶ್ನೆ. ಮನುಷ್ಯರಲ್ಲಿ ತಂದೆ ಮೊದಲು, ಮಗ ಆಮೇಲೆ ಎನ್ನುವುದು ನಾವು ಕಾಲಕ್ಕೆ ಒಳಪಟ್ಟವರಾದ್ದರಿಂದ. ಬೆಳಕು ಇದ್ದಾಗಲೆಲ್ಲ ಅದರ ಪ್ರಭೆ ಇದ್ದೇ ಇರುವಂತೆ ದೇವರಿಗೆ ಆತನ ಮಗನೂ ಎಂದೆಂದಿಗೂ ಇದ್ದಾನೆ ಎಂದು ಅವರು ಉತ್ತರಿಸಿದರು. ನಾವು ದಿನವೂ ಆಡುವ ‘ಮಗ’ ಎಂಬ ಮಾತಿನಲ್ಲಿ ಎರಡು ಅರ್ಥಗಳು ಒಟ್ಟಿಗೇ ಅಡಗಿವೆ: ತಂದೆಯ ಕುಲದವನೇ ಎಂಬುದು ಒಂದು, ತಂದೆಗಿಂತ ಆಮೇಲಿನವನು, ತಂದೆಗೆ ಅಧೀನನು ಎಂಬುದು ಇನ್ನೊಂದು. ಅಥನೇಸಿಯಸರು ಮೊದಲನೆಯದನ್ನು ಹಿಡಿದುಕೊಂಡರು, ಏರಿಯಸರು ಎರಡನೆಯದನ್ನು. ಮಗ ಎಂಬ ಮಾತನ್ನು ಇಬ್ಬರಲ್ಲಿ ಯಾರೂ ಬಿಟ್ಟುಕೊಡಲಿಲ್ಲ.

325ರಲ್ಲಿ ಈಗಿನ ಟರ್ಕಿ ದೇಶದ ಇಜ್ನಿಕ್ ಪಟ್ಟಣವಾದ ನಿಕೇಯದಲ್ಲಿ ಸೇರಿದ ಬಿಷಪರ ಮಹಾಸಭೆ, ಮಗನು ‘ಜನಿಸಿದವನು, ಸೃಷ್ಟಿಯಾದವನಲ್ಲ’ ಎಂದು ಘೋಷಿಸಿ, ಆತನು ತಂದೆಯೊಡನೆ ಒಂದೇ ತತ್ತ್ವದವನು ಎಂಬುದಕ್ಕೆ ‘ಹೊಮೊಊಸಿಯೋಸ್’ ಎಂಬ ಗ್ರೀಕ್ ಪದವನ್ನು ಬಳಸಿತು. ಚಕ್ರವರ್ತಿ ಕಾನ್‌ಸ್ಟಂಟೈನ್ ತನ್ನ ರಾಜಕೀಯಕ್ಕಾಗಿ ತ್ರಯೇಕತ್ವವನ್ನು ಅಲ್ಲಿ ಹುಟ್ಟುಹಾಕಿದನೆಂಬ ಮಾತು ಈಗ ಎಲ್ಲೆಲ್ಲೂ ಕೇಳಿಬರುತ್ತದೆ. ತಮ್ಮ ಲೇಖನದಲ್ಲಿಯೂ ಅದರ ನೆರಳಿದೆ. ಆದರೆ ‘ಟ್ರಿನಿಟಾಸ್’ ಎಂಬ ಲ್ಯಾಟಿನ್ ಪದವನ್ನು ಕ್ರೈಸ್ತ ಲೇಖಕ ಟೆರ್ಟುಲಿಯನ್ ಅವರು ಬಳಸಿದ್ದು ನಿಕೇಯ ಸಭೆಗೆ ನೂರಕ್ಕೂ ಹೆಚ್ಚು ವರ್ಷ ಮೊದಲು. ಇನ್ನು ಕಾನ್‌ಸ್ಟಂಟೈನನಿಗೆ 337ರಲ್ಲಿ ಮರಣಶಯ್ಯೆಯ ಮೇಲೆ ದೀಕ್ಷಾಸ್ನಾನ ಮಾಡಿಸಿದವರು ಏರಿಯಸರ ಪಕ್ಷ ವಹಿಸಿದ್ದ ನಿಕೊಮೇಡಿಯದ ಬಿಷಪ್ ಯುಸೇಬಿಯಸ್. ಅವನ ಮಗ ಕಾನ್‌ಸ್ಟಾಂಟಿಯಸನ ಆಳ್ವಿಕೆಯಲ್ಲಿ ಅರಮನೆಯ ಬಲವಿದ್ದದ್ದು ನಿಕೇಯದ ವಿರೋಧಿಗಳಿಗೇ. ಅಥನೇಸಿಯಸರು ಒಟ್ಟು ಐದು ಬಾರಿ ತಮ್ಮ ಪೀಠದಿಂದ ದೂರ ಹೋಗಬೇಕಾಯಿತು. ಅರಸನ ಆಜ್ಞೆಯಿಂದ ಗೆದ್ದ ಸಿದ್ಧಾಂತ ಎಂದು ಹೇಳುವವರು ಈ ನಡುವಿನ ವರ್ಷಗಳನ್ನು ನೋಡುವುದೇ ಇಲ್ಲ.

ಬೈಬಲನ್ನು ತೆರೆದ ಮಾತ್ರಕ್ಕೆ ಈ ತಕರಾರು ತೀರುತ್ತದೆ ಎನ್ನುವವರು ಎರಡೂ ಕಡೆ ಇದ್ದಾರೆ. ಅದು ಅಷ್ಟು ಸುಲಭವಲ್ಲ. ‘ದೇವರ ಮಗ’ ಎಂಬ ಮಾತು ಹಳೆಯ ಒಡಂಬಡಿಕೆಯಲ್ಲಿ ಒಬ್ಬನಿಗೇ ಮೀಸಲಾದದ್ದಲ್ಲ. ವಿಮೋಚನಕಾಂಡದಲ್ಲಿ ಇಸ್ರಾಯೇಲ್ ಜನಾಂಗವೇ ದೇವರ ಚೊಚ್ಚಲ ಮಗ. ದಾವೀದನ ವಂಶದ ಅರಸನಿಗೆ ತಾನು ತಂದೆಯಾಗಿರುವೆನೆಂದು ದೇವರು ಮಾತು ಕೊಡುತ್ತಾನೆ. ಯೋಬನ ಗ್ರಂಥದಲ್ಲಿ ದೇವದೂತರು ದೇವಪುತ್ರರು. ಲೂಕನು ಬರೆದ ವಂಶಾವಳಿ ಆದಾಮನವರೆಗೆ ಹಿಂದಕ್ಕೆ ಹೋಗಿ ಅವನನ್ನೂ ದೇವರ ಮಗನೆನ್ನುತ್ತದೆ. ಆದ್ದರಿಂದ ಆ ಎರಡು ಪದಗಳಷ್ಟರಿಂದಲೇ ಯೇಸು ದೇವರೆಂದು ಸಾಬೀತಾಯಿತು ಎಂದು ನಮ್ಮ ಬೋಧಕರು ಹೇಳಿದಾಗ ಆ ವಾದ ನಿಲ್ಲುವುದಿಲ್ಲ. ಯೇಸುವಿನ ಪುತ್ರತ್ವ ಆ ಉಳಿದ ಪುತ್ರತ್ವಗಳಿಗಿಂತ ಬೇರೆ ಎಂಬುದನ್ನು ತೋರಿಸಬೇಕಾದ ಹೊಣೆ ನಮ್ಮದು. ಅದನ್ನು ತೋರಿಸಲು ಸಾಧ್ಯ ಎಂಬುದು ನನ್ನ ನಂಬಿಕೆ; ಯೇಸುವನ್ನು ‘ವಾಕ್ಯ’ವೆಂದು ಕರೆದು, ‘ಆ ವಾಕ್ಯವು ದೇವರಾಗಿತ್ತು’ ಎಂದು ಮೊದಲ ವಚನದಲ್ಲೇ ಹೇಳುವ ಯೋಹಾನನ ಸುವಾರ್ತೆಯಲ್ಲಿ, ಯೇಸು ದೇವರನ್ನು ತನ್ನ ಸ್ವಂತ ತಂದೆಯೆಂದು ಕರೆದದ್ದನ್ನು ಕೇಳಿದವರು ಆತನು ತನ್ನನ್ನು ದೇವರಿಗೆ ಸರಿಸಮಾನ ಮಾಡಿಕೊಂಡನೆಂದೇ ತಿಳಿದರು. ಆದರೆ ಅದೇ ಸುವಾರ್ತೆಯಲ್ಲಿ ‘ತಂದೆ ನನಗಿಂತ ದೊಡ್ಡವನು’ ಎಂಬ ಮಾತೂ ಇದೆ, ಮತ್ತು ಅದನ್ನು ಆಡಿದವನು ಯೇಸುವೇ.

ಎರಡನೆಯ ಕೀರ್ತನೆಯ ಒಂದು ಸಾಲನ್ನು ಹತ್ತಿರದಿಂದ ನೋಡೋಣ: ‘ನೀನು ನನ್ನ ಮಗನು; ನಾನೇ ಈ ಹೊತ್ತು ನಿನ್ನನ್ನು ಪಡೆದಿದ್ದೇನೆ.’ ಈ ಹೊತ್ತು ಎಂದರೆ ಯಾವ ಹೊತ್ತು? ಅಪೊಸ್ತಲರ ಕೃತ್ಯಗಳ ಹದಿಮೂರನೆಯ ಅಧ್ಯಾಯದಲ್ಲಿ ಪೌಲನು ಈ ಸಾಲನ್ನು ಯೇಸುವನ್ನು ಎಬ್ಬಿಸಿದ ಸಂಗತಿಗೆ ಜೋಡಿಸುತ್ತಾನೆ. ರೋಮಾಪುರದವರಿಗೆ ಬರೆದ ಪತ್ರದ ಮೊದಲಲ್ಲಿಯೂ ಪುತ್ರತ್ವದ ಘೋಷಣೆ ಪುನರುತ್ಥಾನಕ್ಕೆ ಸಂಬಂಧಪಟ್ಟಿದೆ. ಮಾರ್ಕನ ಸುವಾರ್ತೆಯಲ್ಲಿ ದೀಕ್ಷಾಸ್ನಾನದ ಗಳಿಗೆಯಲ್ಲಿ ಯೇಸುವನ್ನು ಮಗನೆಂದು ಕರೆಯುವ ಆಕಾಶವಾಣಿಯಾಗುತ್ತದೆ. ಲೂಕನ ಸುವಾರ್ತೆಯಲ್ಲಿ ದೇವದೂತನು ಮರಿಯಳಿಗೆ, ಪವಿತ್ರಾತ್ಮನು ನಿನ್ನ ಮೇಲೆ ಬರುವನು, ಆದಕಾರಣ ಹುಟ್ಟುವ ಶಿಶು ದೇವರ ಮಗನೆನಿಸಿಕೊಳ್ಳುವುದು ಎನ್ನುತ್ತಾನೆ. ಪ್ರಾಚೀನ ಕ್ರೈಸ್ತ ಗುರು ಅಗಸ್ಟೀನರಾದರೋ ‘ಈ ಹೊತ್ತು’ ಎಂಬುದನ್ನು ನಿನ್ನೆ ನಾಳೆಗಳಿಲ್ಲದ ದೇವರ ನಿತ್ಯತೆ ಎಂದೇ ಓದಿದರು. ನನ್ನ ಸಭೆಯ ಉತ್ತರ ಅಗಸ್ಟೀನರದು. ಆದರೂ ತ್ರಯೇಕತ್ವದಲ್ಲಿ ದೃಢ ನಂಬಿಕೆಯಿದ್ದ ಮೆಥಡಿಸ್ಟ್ ವಿದ್ವಾಂಸ ಆಡಂ ಕ್ಲಾರ್ಕ್ ಅವರೇ ಲೂಕನ ಆ ‘ಆದಕಾರಣ’ ಎಂಬ ಮಾತಿಗೆ ಒತ್ತುಕೊಟ್ಟು, ಕ್ರಿಸ್ತನ ದೈವತ್ವ ನಿತ್ಯವಾದದ್ದು, ಪುತ್ರತ್ವ ಮಾತ್ರ ದೇಹಧಾರಣೆಯಿಂದ ಆರಂಭವಾದದ್ದು ಎಂದು ಹೇಳಿ ಹತ್ತೊಂಬತ್ತನೆಯ ಶತಮಾನದಲ್ಲಿ ತಮ್ಮವರೊಡನೆಯೇ ದೊಡ್ಡ ಚರ್ಚೆಗೆ ಕಾರಣರಾದರು. ಭಿನ್ನಾಭಿಪ್ರಾಯದ ಗೆರೆ ಪಂಥ ಪಂಥಗಳ ನಡುವೆ ಮಾತ್ರ ಹಾದುಹೋಗುತ್ತದೆಂದು ತಿಳಿದವರು ಇದನ್ನು ಗಮನಿಸಬೇಕು.

ಇನ್ನು ಲೇಖನ ಒಟ್ಟುಗೂಡಿಸಿದ ಪಂಥಗಳ ವಿಚಾರ. ಯೆಹೋವನ ಸಾಕ್ಷಿಗಳಿಗೆ ಯೇಸು ದೇವರ ಮಗನೇ. ದೇವರು ಎಲ್ಲಕ್ಕಿಂತ ಮೊದಲು ಸೃಷ್ಟಿಸಿದವನು, ಸರ್ವಶಕ್ತನಾದ ದೇವರಿಗೆ ಸಮನಲ್ಲದವನು. ಹದಿನಾರನೆಯ ಶತಮಾನದ ಮತಚಿಂತಕ ಸೊಸಿನಸರ ಅನುಯಾಯಿಗಳಿಗೂ ಆತನು ದೇವರ ಮಗನೇ. ಆದರೆ ಮರಿಯಳಲ್ಲಿ ಹುಟ್ಟುವ ಮೊದಲು ಇಲ್ಲದಿದ್ದವನು. 1913ರಿಂದೀಚೆಗೆ ಪೆಂತೆಕೊಸ್ತರ ನಡುವೆ ಬೆಳೆದ, ಯೇಸುವಿನ ನಾಮದಲ್ಲಿ ಮಾತ್ರ ದೀಕ್ಷಾಸ್ನಾನ ಕೊಡುವ ಏಕತ್ವವಾದಿ ಸಭೆಗಳು ಇವರಿಬ್ಬರಿಗೂ ತೀರ ವಿರುದ್ಧ ದಿಕ್ಕಿನಲ್ಲಿವೆ: ಅವರಿಗೆ ಯೇಸು ಪೂರ್ಣ ದೇವರು, ತಂದೆಯೇ ದೇಹಧಾರಿಯಾಗಿ ಬಂದವನು; ‘ಮಗ’ ಎಂಬುದು ಆ ಮನುಷ್ಯಾವತಾರದ ಹೆಸರು. ಮೂವರೂ ತ್ರಯೇಕತ್ವವನ್ನು ಒಪ್ಪುವುದಿಲ್ಲ, ಮೂವರೂ ಯೇಸುವನ್ನು ದೇವರ ಮಗನೆನ್ನುತ್ತಾರೆ, ಒಬ್ಬರ ಉತ್ತರ ಇನ್ನೊಬ್ಬರಿಗೆ ಸಲ್ಲುವುದಿಲ್ಲ. ಇವರೆಲ್ಲರನ್ನೂ ಒಂದೇ ವಾಕ್ಯದಲ್ಲಿ ಕಟ್ಟಿಹಾಕಿದರೆ ಓದುಗನಿಗೆ ಯಾರ ಬಗ್ಗೆಯೂ ಏನೂ ತಿಳಿದಂತಾಗುವುದಿಲ್ಲ.

ನಮ್ಮ ಕಡೆಯವರ ತಪ್ಪನ್ನೂ ಹೇಳದಿದ್ದರೆ ಈ ಪತ್ರ ಪ್ರಾಮಾಣಿಕವಾಗುವುದಿಲ್ಲ. ಪರಲೋಕದಲ್ಲಿ ಸಾಕ್ಷಿ ಹೇಳುವವರು ತಂದೆ, ವಾಕ್ಯ, ಪವಿತ್ರಾತ್ಮ ಎಂಬ ಮೂವರು, ಈ ಮೂವರು ಒಂದೇ ಎಂಬ ಮಾತು ಯೋಹಾನನ ಮೊದಲನೆಯ ಪತ್ರದ ಐದನೆಯ ಅಧ್ಯಾಯದಲ್ಲಿ ಬಹುಕಾಲ ಅಚ್ಚಾಗುತ್ತಿತ್ತು. ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ ಆ ಮಾತಿಲ್ಲ. ವಿದ್ವಾಂಸ ಎರಾಸ್ಮಸರು ತಮ್ಮ 1516 ಮತ್ತು 1519ರ ಗ್ರೀಕ್ ಮುದ್ರಣಗಳಲ್ಲಿ ಅದನ್ನು ಸೇರಿಸಿರಲಿಲ್ಲ. ಆಕ್ಷೇಪಗಳು ಎದ್ದ ಮೇಲೆ 1522ರ ಮುದ್ರಣದಲ್ಲಿ ಸೇರಿಸಿದರು. ನಿಕೇಯದ ಕಾಲದ ಗ್ರೀಕ್ ಬಿಷಪರು ಆ ವಚನದ ನೆರವಿಲ್ಲದೆಯೇ ವಾದಿಸಿದರು. ಅವರಿಗೆ ಬೇಕಾಗದ ಊರುಗೋಲು ನಮಗೂ ಬೇಡ.

ನನ್ನ ಸ್ವಂತ ತಪ್ಪು ಇದಕ್ಕಿಂತ ಸಣ್ಣದು, ಆದರೆ ನನಗೆ ಹೆಚ್ಚು ಕಲಿಸಿದ್ದು. ಒಂದೇ ನೀರು ಮಂಜುಗಡ್ಡೆಯಾಗಿ, ನೀರಾಗಿ, ಹಬೆಯಾಗಿ ಇರುವಂತೆ ಒಬ್ಬನೇ ದೇವರು ತಂದೆ, ಮಗ, ಪವಿತ್ರಾತ್ಮನಾಗಿ ಇದ್ದಾನೆ ಎಂದು ನಾನು ವರ್ಷಗಟ್ಟಲೆ ಮಕ್ಕಳಿಗೆ ಹೇಳಿಕೊಟ್ಟೆ. ಒಂದು ಭಾನುವಾರ ಹನ್ನೊಂದು ವರ್ಷದ ಹುಡುಗಿಯೊಬ್ಬಳು ಎದ್ದು ನಿಂತು, ‘ಸರ್, ನೀರೆಲ್ಲ ಮಂಜುಗಡ್ಡೆ ಆದಮೇಲೆ ನೀರು ಉಳಿಯುವುದಿಲ್ಲವಲ್ಲ, ಹಾಗಾದರೆ ಗೆತ್ಸೇಮನೆ ತೋಟದಲ್ಲಿ ಯೇಸು ಯಾರಿಗೆ ಪ್ರಾರ್ಥನೆ ಮಾಡಿದ?’ ಎಂದು ಕೇಳಿದಳು. ನಾನು ಉತ್ತರ ಕೊಡಲಿಲ್ಲ. ಮುಂದಿನ ವಾರ ಹೇಳುತ್ತೇನೆ ಎಂದೆ. ಮನೆಗೆ ಬಂದು ಕುಳಿತು ಓದಿದಾಗ ತಿಳಿದದ್ದು, ಒಬ್ಬನೇ ದೇವರು ಮೂರು ರೂಪಗಳಲ್ಲಿ ಕಾಣಿಸಿಕೊಳ್ಳುತ್ತಾನೆ ಎಂಬ ಆ ಬೋಧನೆಯನ್ನು ಸಬೆಲಿಯಸ್ ಎಂಬವರ ಹೆಸರಿನೊಡನೆ ಸಭೆ ಮೂರನೆಯ ಶತಮಾನದಲ್ಲಿಯೇ ತಳ್ಳಿಹಾಕಿತ್ತು ಎಂಬುದು. ತ್ರಯೇಕತ್ವವನ್ನು ಕಾಪಾಡುತ್ತಿದ್ದೇನೆಂದು ತಿಳಿದು ನಾನು ಕಲಿಸಿದ್ದು ಏಕತ್ವವಾದಿಗಳ ಮತಕ್ಕೆ ಬಹಳ ಸಮೀಪವಾದದ್ದನ್ನು. ಮುಂದಿನ ವಾರ ಆ ಹುಡುಗಿಗೆ, ಮಗನು ತಂದೆಗೆ ಪ್ರಾರ್ಥಿಸಿದನು, ತಂದೆ ಬೇರೆ, ಮಗ ಬೇರೆ, ದೇವರು ಮಾತ್ರ ಒಬ್ಬನೇ, ನಾನು ಕೊಟ್ಟ ಹೋಲಿಕೆ ತಪ್ಪು ಎಂದು ಹೇಳಿದೆ. ಅಂದಿನಿಂದ ಆ ಹೋಲಿಕೆಯನ್ನು ಕೈಬಿಟ್ಟಿದ್ದೇನೆ.

ಈ ಬಗೆಯ ಗೊಂದಲ ಬಂದಾಗ ಹೇಗೆ ನಡೆದುಕೊಳ್ಳಬೇಕೆಂಬುದನ್ನು ಅಥನೇಸಿಯಸರೇ 362ರಲ್ಲಿ ಅಲೆಕ್ಸಾಂಡ್ರಿಯದಲ್ಲಿ ಸೇರಿದ ಸಣ್ಣ ಸಭೆಯೊಂದರಲ್ಲಿ ತೋರಿಸಿಕೊಟ್ಟಿದ್ದಾರೆ. ‘ಹಿಪೊಸ್ಟಾಸಿಸ್’ ಎಂಬ ಗ್ರೀಕ್ ಪದಕ್ಕೆ ಪ್ರತ್ಯೇಕ ಇರುವಿಕೆ ಎಂದೂ ತತ್ತ್ವ ಎಂದೂ ಅರ್ಥ ಮಾಡಬಹುದಿತ್ತು. ದೇವರಲ್ಲಿ ಮೂರು ಹಿಪೊಸ್ಟಾಸಿಸ್ ಎನ್ನುವವರು ಒಂದು ಕಡೆ, ಒಂದೇ ಹಿಪೊಸ್ಟಾಸಿಸ್ ಎನ್ನುವವರು ಇನ್ನೊಂದು ಕಡೆ ಇದ್ದರು. ಮೊದಲಿನವರ ಮಾತು ಎದುರಾಳಿಗಳ ಕಿವಿಗೆ ಮೂವರು ದೇವರುಗಳೆಂಬಂತೆ ಕೇಳುತ್ತಿತ್ತು, ಎರಡನೆಯವರ ಮಾತು ಸಬೆಲಿಯಸರ ಮಾತಿನಂತೆ ಕೇಳುತ್ತಿತ್ತು. ಮೂವರು ದೇವರುಗಳೆಂದು ನಿಮ್ಮ ಅರ್ಥವೇ ಎಂದು ಮೊದಲಿನವರನ್ನು ವಿಚಾರಿಸಿದರು. ಅಲ್ಲ, ತಂದೆ, ಮಗ, ಪವಿತ್ರಾತ್ಮ ಬರಿಯ ಹೆಸರುಗಳಲ್ಲ, ನಿಜವಾಗಿಯೂ ಇರುವವರು ಎಂದು ನಮ್ಮ ಅರ್ಥ ಎಂದರು ಅವರು. ನಿಮ್ಮದು ಸಬೆಲಿಯಸರ ಮತವೇ ಎಂದು ಎರಡನೆಯವರನ್ನು ಕೇಳಿದರು. ಅಲ್ಲ, ಮಗನು ತಂದೆಯ ತತ್ತ್ವದಿಂದಲೇ ಬಂದವನು ಎಂದು ನಮ್ಮ ಅರ್ಥ ಎಂದರು ಇವರು. ವಿಚಾರಿಸಿದ ಮೇಲೆ ಇಬ್ಬರ ನಂಬಿಕೆಯೂ ಒಂದೇ ಎಂದು ಕಂಡಿತು. ಪದ ಬೇರೆಯಾದರೂ ಅರ್ಥ ಒಂದಾಗಿರಬಹುದು, ಪದ ಒಂದೇ ಆದರೂ ಅರ್ಥ ಬೇರೆಯಾಗಿರಬಹುದು ಎಂದು ಅವರಿಗೆ ಗೊತ್ತಿತ್ತು. ಎಲ್ಲರನ್ನೂ ಕೇಳಿದರೆ ಜಗಳವೇ ಮಾಯವಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಏರಿಯಸರನ್ನು ಎಷ್ಟು ಕೇಳಿದರೂ ಭೇದ ಉಳಿಯುತ್ತಿತ್ತು. ಆದರೆ ಉಳಿಯುವ ಭೇದ ಯಾವುದೆಂದು ತಿಳಿಯುವುದು ಕೇಳಿದ ಮೇಲೆಯೇ.

ಕೇಳುವುದನ್ನು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿಯಾದ ಮಿಗುವೆಲ್ ಸರ್ವೆಟಸರ ಸಾವು ನನ್ನನ್ನು ಈಗಲೂ ಬಾಧಿಸುತ್ತದೆ. ತ್ರಯೇಕತ್ವವನ್ನು ವಿರೋಧಿಸಿ ಬರೆದ ಈ ಸ್ಪೇನ್ ದೇಶದ ವೈದ್ಯರನ್ನು 1553ರ ಅಕ್ಟೋಬರ್ 27ರಂದು ಜಿನೀವದಲ್ಲಿ ಜೀವಂತವಾಗಿ ಸುಟ್ಟರು. ‘ನಿತ್ಯನಾದ ದೇವರ ಮಗನೇ, ಯೇಸುವೇ, ನನ್ನನ್ನು ಕರುಣಿಸು’ ಎಂದು ಅವರು ಬೆಂಕಿಯ ನಡುವಿನಿಂದ ಕೂಗಿದರೆಂದು ಹೇಳುತ್ತಾರೆ. ಅವರ ಮಾತಿನಲ್ಲಿ ‘ನಿತ್ಯನಾದ’ ಎಂಬುದು ದೇವರಿಗೆ ಸೇರಿದ್ದು; ಅವರನ್ನು ಶಿಕ್ಷಿಸಿದವರಿಗೆ ಬೇಕಾಗಿದ್ದ ಮಾತು ‘ದೇವರ ನಿತ್ಯನಾದ ಮಗನೇ’ ಎಂಬುದು. ಒಂದು ವಿಶೇಷಣ ಒಂದು ಪದದಿಂದ ಇನ್ನೊಂದು ಪದಕ್ಕೆ ಸರಿಯಲಿಲ್ಲ, ಅಷ್ಟೇ. ಆ ವಿಶೇಷಣ ಮಗನಿಗೇ ಸೇರಬೇಕೆಂದು ನಾನೂ ನಂಬುತ್ತೇನೆ. ಆದರೆ ಸಾಯುವ ಗಳಿಗೆಯಲ್ಲಿ ಯೇಸುವನ್ನು ದೇವರ ಮಗನೆಂದು ಕೂಗಿ ಕರೆದ ಮನುಷ್ಯನನ್ನು ‘ಯೇಸುವನ್ನು ದೇವರ ಮಗನೆಂದು ಒಪ್ಪದವರು’ ಎಂಬ ಗುಂಪಿಗೆ ಸೇರಿಸುವುದು ಸುಳ್ಳು.

ಆದ್ದರಿಂದ ತಾವು ದಯವಿಟ್ಟು ಆ ಒಂದು ವಾಕ್ಯವನ್ನು ತಿದ್ದಿ, ‘ತ್ರಯೇಕತ್ವವನ್ನು ಒಪ್ಪದೆ, ಯೇಸುವಿನ ಪುತ್ರತ್ವವನ್ನು ಬೇರೆ ಬೇರೆಯಾಗಿ ಅರ್ಥಮಾಡಿಕೊಳ್ಳುವ ಪಂಥಗಳು’ ಎಂದು ಪ್ರಕಟಿಸಬೇಕೆಂದು ಕೋರುತ್ತೇನೆ. ಈ ಪತ್ರವನ್ನು ಮೊಟಕುಗೊಳಿಸಬೇಕಾಗಿ ಬಂದರೆ ನನ್ನ ಸಂಡೇ ಸ್ಕೂಲಿನ ಸಂಗತಿಯನ್ನು ಬೇಕಾದರೆ ತೆಗೆದುಹಾಕಿ, ಅಲೆಕ್ಸಾಂಡ್ರಿಯದ ಸಭೆಯ ಸಂಗತಿಯನ್ನು ಉಳಿಸಿಕೊಳ್ಳಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ