ಊರು ಪಟ್ಟಣವಾಯಿತು, ನಮ್ಮ ಕೂಲಿ ಹೋಯಿತು

ಸಂಪಾದಕರಿಗೆ ನಮಸ್ಕಾರ.

ನಾನು ರಾಯಚೂರು ಜಿಲ್ಲೆಯವಳು. ಏಳು ವರ್ಷ ನಮ್ಮ ಗ್ರಾಮ ಪಂಚಾಯಿತಿಯಲ್ಲಿ ಕಾಯಕ ಬಂಧು ಆಗಿದ್ದೆ. ಅಂದರೆ ಉದ್ಯೋಗ ಖಾತ್ರಿಯ ಕೂಲಿಕಾರರ ಗುಂಪಿಗೆ ಮುಂದಾಳು. ನಮ್ಮ ಗುಂಪಿನಲ್ಲಿ 23 ಜನ ಇದ್ದೆವು, ಅದರಲ್ಲಿ 17 ಹೆಂಗಸರು. ಬೆಳಿಗ್ಗೆ ಆರಕ್ಕೆ ಸಲಿಕೆ, ಬುಟ್ಟಿ ಹಿಡಿದು ಹೊರಟರೆ ಬಿಸಿಲೇರುವ ಹೊತ್ತಿಗೆ ಅರ್ಧ ಕೆಲಸ ಮುಗಿದಿರುತ್ತಿತ್ತು. ಹಾಜರಿ ಹಾಕುವುದು, ದಿನಕ್ಕೆ ಎರಡು ಸಲ ಮೊಬೈಲಿನಲ್ಲಿ ಫೋಟೊ ತೆಗೆಯುವುದು, ಎನ್‌ಎಂಆರ್ ಅಂದರೆ ಕೂಲಿಕಾರರ ಹೆಸರಿರುವ ಹಾಜರಿ ಪಟ್ಟಿ ತರುವುದು ನನ್ನ ಪಾಲಿಗೆ. ಕೆರೆಯ ಹೂಳು ತೆಗೆದಿದ್ದೇವೆ. ಹೊಲದ ಬದು ಹಾಕಿದ್ದೇವೆ. ನಾವು ನೆಟ್ಟ ಬೇವಿನ ಗಿಡಗಳು ಇವತ್ತಿಗೂ ಸ್ಮಶಾನದ ದಾರಿಯಲ್ಲಿ ನೆರಳು ಕೊಡುತ್ತಿವೆ.

ಎರಡು ವರ್ಷದ ಹಿಂದೆ ನಮ್ಮೂರು ಪಟ್ಟಣ ಪಂಚಾಯಿತಿ ಆಯಿತು. ಬಸ್ ಸ್ಟ್ಯಾಂಡಿನಲ್ಲಿ ಪಟಾಕಿ ಹೊಡೆದರು. ನಾವೂ ಖುಷಿಪಟ್ಟೆವು. ರಸ್ತೆ ಬರುತ್ತೆ, ನಲ್ಲಿ ಬರುತ್ತೆ ಅಂದುಕೊಂಡೆವು. ಒಂದು ತಿಂಗಳ ನಂತರ ಕೆಲಸ ಕೇಳಲು ಅರ್ಜಿ ಹಿಡಿದು ಹೋದೆ. ಕಚೇರಿ ಅದೇ, ಬೋರ್ಡು ಹೊಸದು. ಅಲ್ಲಿದ್ದವರು ಹೇಳಿದರು: 'ಅಮ್ಮಾ, ಇದು ಈಗ ಪಟ್ಟಣ. ಇಲ್ಲಿ ಖಾತ್ರಿ ಕೆಲಸ ಇಲ್ಲ. ನಿಮ್ಮ ಜಾಬ್ ಕಾರ್ಡ್ ನಡೆಯಲ್ಲ.' ಅವರ ಮೇಲೆ ನನಗೆ ಸಿಟ್ಟಿಲ್ಲ. ಕಾನೂನು ಇರುವುದೇ ಹಾಗೆ. ಆದರೆ ಪಟ್ಟಣ ಆಗುವ ಮೊದಲು ಈ ಮಾತನ್ನು ಯಾರೂ ನಮಗೆ ಹೇಳಿರಲಿಲ್ಲ.

2005ರ ಉದ್ಯೋಗ ಖಾತ್ರಿ ಕಾಯ್ದೆ ಇದ್ದದ್ದು ಹಳ್ಳಿಯವರಿಗೆ ಮಾತ್ರ. ಹಳ್ಳಿಯಲ್ಲಿ ಒಂದು ಮನೆಗೆ ವರ್ಷಕ್ಕೆ 100 ದಿನ ಕೆಲಸ ಕೇಳುವ ಹಕ್ಕಿತ್ತು. ಕೆಲಸ ಕೇಳುವ ಅರ್ಜಿ, ಅಂದರೆ ನಮೂನೆ 6 ತುಂಬಿ ಕೊಟ್ಟರೆ ತಾರೀಖು ಹಾಕಿದ ರಸೀದಿ ಕೊಡಬೇಕಿತ್ತು. 15 ದಿನದೊಳಗೆ ಕೆಲಸ ಕೊಡಬೇಕಿತ್ತು. ಕೊಡದಿದ್ದರೆ ಮೊದಲ 30 ದಿನ ಕೂಲಿಯ ಕಾಲು ಭಾಗ, ಆಮೇಲೆ ಅರ್ಧ ಭಾಗ ನಿರುದ್ಯೋಗ ಭತ್ಯೆ. ನಮ್ಮಲ್ಲಿ ಯಾರಿಗೂ ಆ ಭತ್ಯೆ ಬಂದದ್ದನ್ನು ನಾನು ಕಾಣಲಿಲ್ಲ. ಆದರೂ ಆ ರಸೀದಿಗೆ ಬಲ ಇತ್ತು. ರಸೀದಿ ಕೈಯಲ್ಲಿ ಹಿಡಿದು ನಿಂತರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಸಾಹೇಬರು ಎಲ್ಲಾದರೂ ಒಂದು ಕೆಲಸ ಹುಡುಕಿ ಕೊಡುತ್ತಿದ್ದರು. 2025ರ ಡಿಸೆಂಬರಿನಲ್ಲಿ ಸಂಸತ್ತು ಹೊಸ ಕಾಯ್ದೆ ಮಾಡಿ 125 ದಿನ ಅಂದಿದೆ. ಅದೂ ಹಳ್ಳಿಗೇ. ನಾವು ಅದರಲ್ಲೂ ಇಲ್ಲ.

ಹಾಗಾದರೆ ನಾವು ನಿಜಕ್ಕೂ ಪಟ್ಟಣದವರಾ? ಪಟ್ಟಣ ಪಂಚಾಯಿತಿ ಆಗಬೇಕಾದರೆ ಜನಸಂಖ್ಯೆ 10 ಸಾವಿರಕ್ಕೆ ಕಡಿಮೆ ಇರಬಾರದು, ದುಡಿಯುವವರಲ್ಲಿ ಅರ್ಧದಷ್ಟಾದರೂ ಜನ ಬೇಸಾಯ ಬಿಟ್ಟು ಬೇರೆ ಕೆಲಸದಲ್ಲಿರಬೇಕು ಅನ್ನುತ್ತಾರೆ. ನಮ್ಮ ಓಣಿಗೆ ಬಂದು ನೋಡಿ. 40 ಮನೆಗಳಲ್ಲಿ 30ಕ್ಕೂ ಜಾಸ್ತಿ ಮನೆಯವರು ಹೊಲದ ಕೂಲಿಗೇ ಹೋಗುತ್ತಾರೆ. ಕಾಲುವೆ ನೀರು ಬಂದರೆ ನೆಲ್ಲು ನಾಟಿ, ಆಮೇಲೆ ಕಳೆ, ಚಳಿಗಾಲದಲ್ಲಿ ಹತ್ತಿ ಬಿಡಿಸುವುದು. ನೆಲ್ಲು ಕೊಯ್ಯಲು ಈಗ ಮಿಷನ್ ಬರುತ್ತದೆ. ಮೊದಲು ಹತ್ತು ಜನ ಒಂದು ವಾರ ಮಾಡುತ್ತಿದ್ದ ಕೊಯ್ಲು ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಫೆಬ್ರುವರಿಯಿಂದ ಜೂನ್‌ವರೆಗೆ ಕೈ ಖಾಲಿ. ಆ ಐದು ತಿಂಗಳಿಗೇ ಖಾತ್ರಿ ಬೇಕಾಗಿದ್ದದ್ದು.

ಕೂಲಿಯ ಲೆಕ್ಕವನ್ನೂ ಹೇಳುತ್ತೇನೆ. ನಾನು ಕೊನೆಯ ಎನ್‌ಎಂಆರ್ ತಂದ ವರ್ಷ ದಿನಕ್ಕೆ 316 ರೂಪಾಯಿ ಇತ್ತು. 2025–26ರಲ್ಲಿ ಅದು 370 ಆಯಿತು. ಗಂಡಸಿಗೂ ಅಷ್ಟೇ, ಹೆಂಗಸಿಗೂ ಅಷ್ಟೇ. ಹೊಲದ ಕೆಲಸದಲ್ಲಿ ನಮ್ಮ ಕಡೆ ಹೆಣ್ಣಾಳಿಗೆ ಯಾವತ್ತೂ ಕಡಿಮೆಯೇ. ಸಮಾನ ಕೂಲಿ ಅನ್ನೋದನ್ನು ನಮ್ಮ ಹೆಂಗಸರು ಮೊದಲು ಕಂಡದ್ದು ಖಾತ್ರಿ ಕೆಲಸದಲ್ಲಿ. ದುಡ್ಡು ಅವರದೇ ಖಾತೆಗೆ ಬರುತ್ತಿತ್ತು. ಸರ್ಕಾರದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ನಮ್ಮ ಕೈ ಹಿಡಿದಿದೆ, ಇಲ್ಲ ಅನ್ನುವುದಿಲ್ಲ. ಆದರೆ ಗಂಡ ಹೆಂಡತಿ ಇಬ್ಬರೂ ಮನೆಯಲ್ಲಿ ಕೂತಾಗ ಅದು ರೇಷನ್ ಅಂಗಡಿಯಲ್ಲಿ ಸಿಗದ ಸಾಮಾನಿಗೂ, ಆಸ್ಪತ್ರೆಗೂ ಸಾಲುವುದಿಲ್ಲ.

ಈಗ ಏನಾಗಿದೆ ಕೇಳಿ. ನಮ್ಮ 23 ಜನರಲ್ಲಿ ಒಂಬತ್ತು ಜನ ಬೆಂಗಳೂರಿಗೆ ಗುಳೆ ಹೋಗಿದ್ದಾರೆ. ಕಟ್ಟಡದ ಕೆಲಸ, ತಗಡಿನ ಶೆಡ್ಡಿನಲ್ಲಿ ವಾಸ. ನಮ್ಮ ಪಕ್ಕದ ಮನೆಯ ತಂಗಿ ಆರನೇ ಕ್ಲಾಸಿನ ಮಗಳನ್ನು ಕರೆದುಕೊಂಡೇ ಹೋದಳು, ಚಿಕ್ಕ ಕೂಸನ್ನು ನೋಡಿಕೊಳ್ಳಲು. ಆ ಹುಡುಗಿ ಗಣಿತದಲ್ಲಿ ಚುರುಕು. ನನ್ನ ಹಾಜರಿ ಲೆಕ್ಕವನ್ನು ಅವಳೇ ಕೂಡಿಸಿ ಕೊಡುತ್ತಿದ್ದಳು. ನಮ್ಮೂರಿನಿಂದ ಮೂರು ಕಿಲೋಮೀಟರ್ ದೂರದ ಹಳ್ಳಿಯಲ್ಲಿ ನನ್ನ ನಾದಿನಿ ಇದ್ದಾಳೆ. ಅವಳು ಈ ಬೇಸಿಗೆಯಲ್ಲಿ ಊರು ಬಿಡಲಿಲ್ಲ. ಅವಳಿಗೂ ನಮಗೂ ಇರುವ ವ್ಯತ್ಯಾಸ ಒಂದು ಬೋರ್ಡು ಮಾತ್ರ.

ಪಟ್ಟಣದವರಿಗೆ ಕೆಲಸ ಕೊಡಲು ಆಗುವುದೇ ಇಲ್ಲ ಅಂತಲೂ ಅಲ್ಲ. ಕೇರಳ 2010ರಲ್ಲೇ ಅಲ್ಲಿನ ಸಮಾಜ ಸುಧಾರಕ ಅಯ್ಯಂಕಾಳಿಯವರ ಹೆಸರಿನಲ್ಲಿ ನಗರ ಉದ್ಯೋಗ ಖಾತ್ರಿ ಯೋಜನೆ ಶುರು ಮಾಡಿತು. ವರ್ಷಕ್ಕೆ 100 ದಿನ, ನಡೆಸುವುದು ಅಲ್ಲಿನ ನಗರಸಭೆಗಳೇ. ರಾಜಸ್ಥಾನ 2022ರಲ್ಲಿ ಶುರು ಮಾಡಿತು. ಹಿಮಾಚಲ, ಜಾರ್ಖಂಡ್ ಕೂಡ ಕೊರೊನಾ ವರ್ಷದಲ್ಲಿ ತಮ್ಮ ತಮ್ಮ ಯೋಜನೆ ತಂದವು. ಸಂವಿಧಾನದ 12ನೇ ಅನುಸೂಚಿಯಲ್ಲಿ ನಗರ ಸಂಸ್ಥೆಗಳಿಗೆ ಕೊಡಬಹುದಾದ 18 ಕೆಲಸಗಳ ಪಟ್ಟಿ ಇದೆ. ನಗರ ಬಡತನ ನಿವಾರಣೆ ಅದರಲ್ಲಿ ಒಂದು. ನಮ್ಮ ರಾಜ್ಯ ಯಾಕೆ ಹಿಂದೆ ಉಳಿಯಬೇಕು?

ಪಟ್ಟಣದಲ್ಲಿ ಮಾಡುವ ಕೆಲಸ ಎಲ್ಲಿದೆ ಅಂತ ಒಬ್ಬ ಅಧಿಕಾರಿ ನನ್ನನ್ನು ಕೇಳಿದರು. ನಾನು ಅವರನ್ನು ಕೆರೆ ಏರಿಯ ಮೇಲೆ ಕರೆದುಕೊಂಡು ಹೋಗಬಲ್ಲೆ. ಜಾಲಿ ಬೆಳೆದು ಏರಿ ಬಿರುಕು ಬಿಟ್ಟಿದೆ. ಸರ್ಕಾರಿ ಶಾಲೆಗೆ ಕಾಂಪೌಂಡ್ ಇಲ್ಲ, ಅಂಗಳದಲ್ಲಿ ಹಂದಿ ತಿರುಗುತ್ತವೆ. ಹಸಿ ಕಸ, ಒಣ ಕಸ ಎಲ್ಲ ಒಂದೇ ಗುಂಡಿಗೆ ಹೋಗುತ್ತದೆ. ಹಸಿ ಕಸದಿಂದ ಗೊಬ್ಬರ ಮಾಡಿದರೆ ಸುತ್ತಲ ರೈತರೇ ಒಯ್ಯುತ್ತಾರೆ. ಸಸಿ ಬೆಳೆಸುವ ನರ್ಸರಿಗೆ ಜಾಗವೂ ಇದೆ. ಚರಂಡಿಯೊಳಗೆ ಇಳಿಸುವ ಕೆಲಸ ಮಾತ್ರ ಯಾರಿಗೂ ಬೇಡ, ಅದಕ್ಕೆ ಯಂತ್ರ ತರಲಿ.

ಖಾತ್ರಿ ಹೋದ ಮೇಲೆ ನಾಲ್ಕು ಜನ ಹೆಂಗಸರು ರಸ್ತೆ ಬದಿ ತರಕಾರಿ ಬುಟ್ಟಿ ಇಟ್ಟರು. ವಾರದಲ್ಲಿ ಎರಡು ಸಲ ಅವರನ್ನು ಎಬ್ಬಿಸುತ್ತಾರೆ. ಬೀದಿ ವ್ಯಾಪಾರಿಗಳ ಸರ್ವೆ ಆಗಿ, ವ್ಯಾಪಾರದ ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸಬಾರದು ಅಂತ 2014ರ ಕಾಯ್ದೆ ಹೇಳುತ್ತದೆ. ಇದನ್ನು ಮಾಡಲು ಬೆಂಗಳೂರಿನಿಂದ ಆದೇಶ ಬರಬೇಕಾಗಿಲ್ಲ, ಅಲ್ವಾ? ಸ್ಥಳೀಯ ಕಚೇರಿಯವರು ಮನಸ್ಸು ಮಾಡಿದರೆ ಸಾಕು.

ರಾಜ್ಯ ಸರ್ಕಾರಕ್ಕೆ ನನ್ನ ಬೇಡಿಕೆ ಇಷ್ಟೇ. ಪಟ್ಟಣ ಪಂಚಾಯಿತಿಗಳಿಗೆ, ಪುರಸಭೆಗಳಿಗೆ ಒಂದು ಉದ್ಯೋಗ ಖಾತ್ರಿ ಕೊಡಿ. ಎಲ್ಲ ಕಡೆ ಒಮ್ಮೆಲೇ ಆಗದಿದ್ದರೆ, ಇತ್ತೀಚೆಗೆ ಹಳ್ಳಿಯಿಂದ ಪಟ್ಟಣವಾದ ಊರುಗಳಿಂದ ಶುರು ಮಾಡಿ. ಅಲ್ಲಿ ಜಾಬ್ ಕಾರ್ಡ್ ಇವೆ, ಬ್ಯಾಂಕ್ ಖಾತೆ ಇವೆ, ಕೆಲಸ ಗೊತ್ತಿರುವ ಗುಂಪುಗಳಿವೆ. ಇನ್ನು ಮುಂದೆ ಯಾವ ಹಳ್ಳಿಯನ್ನಾದರೂ ಪಟ್ಟಣ ಮಾಡುವ ಮೊದಲು ಗ್ರಾಮಸಭೆ ಕರೆದು, ಖಾತ್ರಿ ಕೆಲಸ ಹೋಗುತ್ತದೆ ಅಂತ ಜನರಿಗೆ ಬಾಯಿಬಿಟ್ಟು ಹೇಳಿ.

ನನ್ನ ಹಳೆಯ ಹಾಜರಿ ಪುಸ್ತಕ ಇನ್ನೂ ಟ್ರಂಕಿನಲ್ಲಿದೆ. ಅದರಲ್ಲಿ 23 ಹೆಸರೂ ಇವೆ, ಬೆಂಗಳೂರಿಗೆ ಹೋದವರ ಫೋನ್ ನಂಬರೂ ಇವೆ. ಅರ್ಜಿ ತೆಗೆದುಕೊಳ್ಳುವ ದಿನ ಹೇಳಿ. ಎಲ್ಲರನ್ನೂ ನಾನೇ ಕರೆದುಕೊಂಡು ಬರುತ್ತೇನೆ.

— ಹಿಂದಿನ ಕಾಯಕ ಬಂಧು, ರಾಯಚೂರು ಜಿಲ್ಲೆ