ನಿಶ್ಚಿತಾರ್ಥಕ್ಕೆ ಬರಬೇಡ, ಟಿಕೆಟ್ ಇವತ್ತೇ ರದ್ದು ಮಾಡು

ಮೈಸೂರು
ಬುಧವಾರ

ಚಿ. ಸೌ. ಸುಮಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

"ನೋಡೋಣ ದೊಡ್ಡಮ್ಮ, ಶನಿವಾರದ ಹೊತ್ತಿಗೆ ಗೊತ್ತಾಗುತ್ತೆ" ಅಂತ ಫೋನಿನಲ್ಲಿ ಹೇಳಿದೆಯಲ್ಲ, ಆ ಮಾತು ನನಗೆ ಸರಿಬರಲಿಲ್ಲ. ಅದಕ್ಕೇ ಬರೆದು ವಾಟ್ಸಾಪಿನಲ್ಲಿ ಕಳಿಸುತ್ತಿದ್ದೇನೆ. ಅಳಿಯಂದಿರಿಗೂ ಓದಲು ಕೊಡು.

ಚಂಡಮಾರುತ ಬರುತ್ತಿದೆ ಅಂತ ನಿಮ್ಮ ಚೆನ್ನೈಗೆ ಆರೆಂಜ್ ಅಲರ್ಟ್ ಕೊಟ್ಟಿದ್ದಾರೆ, ಅದು ರೆಡ್ ಆಗಬಹುದು. ಶನಿವಾರ ರಾತ್ರಿ ಮೈಸೂರಿಗೆ ಬರುವ ಕಾವೇರಿ ಎಕ್ಸ್‌ಪ್ರೆಸ್ ಹತ್ತಬೇಡ. ಭಾನುವಾರದ ನಿಶ್ಚಿತಾರ್ಥ ನನ್ನ ಮಗನದು. ಕರೆದವಳು ನಾನೇ, ಬರಬೇಡ ಅನ್ನುತ್ತಿರುವವಳೂ ನಾನೇ. ನೀನು ಬರಲಿಲ್ಲ ಅಂತ ಯಾರಾದರೂ ಮೂತಿ ತಿರುವಿದರೆ ಅವರಿಗೆ ನಾನು ಉತ್ತರ ಹೇಳುತ್ತೇನೆ. ಮದುವೆ ಇನ್ನೂ ಮುಂದಿದೆ. ಆಗ ವಾರ ಮುಂಚೆ ಬಂದು ಮನೆ ತುಂಬ ಓಡಾಡುವೆಯಂತೆ.

2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ಬೇಸಿನ್ ಬ್ರಿಡ್ಜ್ ಮತ್ತು ವ್ಯಾಸರ್ಪಾಡಿ ನಡುವಿನ ಸೇತುವೆ ಹತ್ತಿರ ನೀರು ಏರಿತು. ಚೆನ್ನೈ ಸೆಂಟ್ರಲ್ಲಿನಿಂದ ಹೊರಡುವ ಎಷ್ಟೋ ರೈಲು ರದ್ದಾದವು. ನಿನ್ನ ಗಾಡಿಯೂ ಅದೇ ದಾರಿಯಲ್ಲೇ ಬರಬೇಕು. ರೈಲ್ವೆಯವರೇ ರದ್ದು ಮಾಡಿದರೆ ಪೂರ್ತಿ ದುಡ್ಡು ವಾಪಸ್ ಬರುತ್ತೆ, ನಾವೇ ಮಾಡಿದರೆ ಸ್ವಲ್ಪ ಹಿಡಿದುಕೊಳ್ಳುತ್ತಾರೆ. ಆ ಸ್ವಲ್ಪ ದುಡ್ಡಿಗಾಗಿ ಕೊನೆ ಗಳಿಗೆವರೆಗೆ ಕಾಯುವವರೇ ಜಾಸ್ತಿ. ಸೂಟ್‌ಕೇಸು ಹಿಡಿದುಕೊಂಡು ನಡುದಾರಿಯಲ್ಲಿ ಸಿಕ್ಕಿಹಾಕಿಕೊಳ್ಳುವುದೂ ಹೀಗೇ.

ಅಳಿಯಂದಿರು ಏನು ಹೇಳಬಹುದು ಅಂತ ನನಗೆ ಗೊತ್ತು. 2024ರ ಅಕ್ಟೋಬರಿನಲ್ಲಿ ರೆಡ್ ಅಲರ್ಟ್ ಅಂದರು, ಆ ದಿನ ಹೇಳಿದಷ್ಟು ಮಳೆ ಬರಲಿಲ್ಲ ಅನ್ನುತ್ತಾರೆ. ನಿಜ. ಆ ಸಲ ವಾಯುಭಾರ ಕುಸಿತ ಕೊಂಚ ಉತ್ತರಕ್ಕೆ ಸರಿಯಿತು, ಚೆನ್ನೈ ಬಚಾವಾಯಿತು. ಸಮುದ್ರದ ಮೇಲೆ ಅದು ಸ್ವಲ್ಪ ಅತ್ತಿತ್ತ ಸರಿದರೂ ಊರಿನ ಹಣೆಬರಹ ಬದಲಾಗುತ್ತೆ. ಒಂದು ಸಲ ತಪ್ಪಿತು ಅಂತ ಮುಂದಿನ ಎಚ್ಚರಿಕೆಯನ್ನೇ ನಂಬದಿರುವುದು ಸರಿಯಲ್ಲ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ರೆಡ್ ಅಂದರೆ 24 ಗಂಟೆಯಲ್ಲಿ 20 ಸೆಂಟಿಮೀಟರಿಗೂ ಜಾಸ್ತಿ ಮಳೆ ಬೀಳಬಹುದು ಅಂತ. ನಮ್ಮ ಮೈಸೂರಿಗೆ ವರ್ಷಕ್ಕೆ ಬೀಳುವುದೇ ಸುಮಾರು 80 ಸೆಂಟಿಮೀಟರು. ಅದರ ಕಾಲು ಭಾಗ ಒಂದೇ ದಿನದಲ್ಲಿ ಸುರಿದರೆ ನಿಮ್ಮ ವೇಲಚೇರಿ ಏನಾಗುತ್ತೆ, ನೀನೇ ಯೋಚಿಸು. ಮೊದಲೇ ತಗ್ಗು, ಪಕ್ಕದಲ್ಲೇ ಪಳ್ಳಿಕರಣೈ ಜೌಗು. ಸಮುದ್ರ ಉಬ್ಬಿದ ಹೊತ್ತಿನಲ್ಲಿ ನದಿ ನೀರು ಕೂಡ ಬೇಗ ಸಮುದ್ರಕ್ಕೆ ಹೋಗುವುದಿಲ್ಲ.

ಇವತ್ತು ಅಲ್ಲಿ ಬಿಸಿಲಿದೆ ಅಂದೆಯಲ್ಲ, ಇದೇ ಕೆಲಸ ಮಾಡುವ ಹೊತ್ತು. ಆರೆಂಜ್ ಇರುವಾಗಲೇ ಎಲ್ಲ ಮುಗಿಸಿಬಿಡು. ರೆಡ್ ಬಂದ ಮೇಲೆ ಮನೆಯಿಂದ ಹೊರಗೆ ಕಾಲಿಡುವ ಕೆಲಸ ಒಂದೂ ಉಳಿದಿರಬಾರದು.

ಮೊದಲು ನಿಮ್ಮತ್ತೆಯವರ ಇನ್ಸುಲಿನ್. ಎರಡು ವಾರಕ್ಕೆ ಆಗುವಷ್ಟು ತರಿಸಿಡು. ಕರೆಂಟ್ ಹೋಗಿ ಫ್ರಿಜ್ ನಿಂತರೆ ಗಾಬರಿಯಾಗಬೇಡ. ಬಳಸುತ್ತಿರುವ ಶೀಶೆ ತಂಪಾದ ಕಡೆ ಇದ್ದರೆ ಸುಮಾರು ನಾಲ್ಕು ವಾರ ತಡೆಯುತ್ತೆ. ಶೀಶೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಸ್ಟೀಲ್ ಡಬ್ಬಿಯಲ್ಲಿ ಹಾಕಿ, ನೀರು ತುಂಬಿದ ಮಣ್ಣಿನ ಮಡಕೆಯೊಳಗೆ ತೇಲಿಬಿಡು. ಮುಚ್ಚಳ ಬಿಗಿಯಾಗಿರಲಿ. ಐಸ್ ಮೇಲೆ ಮಾತ್ರ ಇಡಬೇಡ, ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬರುವುದಿಲ್ಲ.

ಆಮೇಲೆ ನೀರು. ಶುಕ್ರವಾರ ಮಧ್ಯಾಹ್ನವೇ ಮೋಟರು ಹಾಕಿಸಿ ಮೇಲಿನ ಟ್ಯಾಂಕು ತುಂಬಿಸಲು ಅಪಾರ್ಟ್‌ಮೆಂಟಿನವರಿಗೆ ಹೇಳು. ಬೀದಿಯ ಕೊಳಕು ನೀರು ನೆಲದಡಿಯ ಸಂಪಿನೊಳಗೆ ನುಗ್ಗಿದರೆ ಅದನ್ನು ಮೇಲಕ್ಕೆ ಎತ್ತುವ ಹಾಗಿಲ್ಲ. ಕುಡಿಯುವ ನೀರು ಬಿಂದಿಗೆಗಳಲ್ಲಿ ಬೇರೆ ಇರಲಿ. ಹಾಲಿನ ಪುಡಿ ತಂದಿಡು. ಮಿಚಾಂಗ್ ಆದ ಮೇಲೆ ಅಲ್ಲಿ ಹಾಲಿಗೆ ಜನ ಎಷ್ಟು ಪರದಾಡಿದರು ಅಂತ ಗೊತ್ತಲ್ಲ. ಕಾರನ್ನು ನೆಲಮಾಳಿಗೆಯಿಂದ ತೆಗೆದು ಎತ್ತರದ ಜಾಗದಲ್ಲಿ ನಿಲ್ಲಿಸಿ. ವೇಲಚೇರಿಯವರು ಫ್ಲೈಓವರ್ ಮೇಲೆ ಸಾಲಾಗಿ ಕಾರು ನಿಲ್ಲಿಸುವುದು ಸುಮ್ನೆ ಅಲ್ಲ.

ಕೈಯಲ್ಲಿ ನೋಟು ಇರಲಿ, ಅದೂ ಚಿಲ್ಲರೆ ನೋಟು. 2016ರ ಡಿಸೆಂಬರ್ 12ರಂದು ವಾರ್ದಾ ಚಂಡಮಾರುತ ಬಂದಾಗ ನಾವು ಚೆನ್ನೈನಲ್ಲೇ ಇದ್ದೆವು. ನೋಟು ರದ್ದಾಗಿ ಒಂದು ತಿಂಗಳಷ್ಟೇ ಆಗಿತ್ತು. ಕರೆಂಟಿಲ್ಲ, ಎಟಿಎಂ ಇಲ್ಲ, ಅಂಗಡಿಯ ಕಾರ್ಡ್ ಯಂತ್ರಕ್ಕೆ ಸಿಗ್ನಲ್ ಇಲ್ಲ. ಪರಿಚಯದ ಅಂಗಡಿಯವರು ಚೀಟಿಯಲ್ಲಿ ಬರೆದುಕೊಂಡು ಅಕ್ಕಿ ಬೇಳೆ ಕೊಟ್ಟರು. ಈಗ ನೀವು ಹತ್ತು ರೂಪಾಯಿಗೂ ಫೋನು ತೋರಿಸುವವರು, ಅದಕ್ಕೇ ಹೇಳಿದೆ.

ಆ ದಿನ ಇನ್ನೊಂದನ್ನೂ ನೋಡಿದೆ. ಮಧ್ಯಾಹ್ನದ ಗಾಳಿ ಇದ್ದಕ್ಕಿದ್ದಂತೆ ನಿಂತಿತು. ಮುಗಿಯಿತು ಅಂದುಕೊಂಡು ಬೀದಿಯವರೆಲ್ಲ ಬಿದ್ದ ಮರ ನೋಡಲು ಹೊರಗೆ ಬಂದರು. ಅದು ಚಂಡಮಾರುತದ ಕಣ್ಣು ಊರಿನ ಮೇಲೆ ಹಾದುಹೋಗುವ ಹೊತ್ತು. ಸ್ವಲ್ಪ ಹೊತ್ತಿಗೆ ಎದುರು ದಿಕ್ಕಿನಿಂದ ಮತ್ತೆ ಬೀಸಿತು. ಅರ್ಧ ವಾಲಿ ನಿಂತಿದ್ದ ಮರಗಳು ಆಗ ಉರುಳಿದವು. ಗಾಳಿ ನಿಂತರೂ ಇಲಾಖೆಯವರು ಹೇಳುವ ತನಕ ಬಾಗಿಲು ತೆಗೆಯಬೇಡ. ಮಾರನೆಯ ದಿನವೂ ನಿಂತ ನೀರಿಗೆ ಇಳಿಯಬೇಡ. ಕಡಿದುಬಿದ್ದ ಕರೆಂಟಿನ ತಂತಿ ಅದರಲ್ಲಿ ಎಲ್ಲಿದೆಯೋ ಕಾಣುವುದಿಲ್ಲ.

ನಿಮ್ಮ ಮನೆಗೆಲಸದವರಿಗೆ ಶುಕ್ರವಾರದಿಂದಲೇ ರಜೆ ಕೊಡು, ಸಂಬಳ ಹಿಡಿಯಬೇಡ. ಅವರಾಗಿ ರಜೆ ಕೇಳುವುದಿಲ್ಲ, ಆ ಗಾಳಿಯಲ್ಲೂ ನೀರಿನಲ್ಲಿ ನಡೆದುಕೊಂಡು ಬರುತ್ತಾರೆ. ಶನಿವಾರ ಊಟ ತಿಂಡಿ ಹೊರಗಿನಿಂದ ತರಿಸಲೂ ಬೇಡ. ನಮಗೆ ಅಪಾಯ ಅನ್ನಿಸಿದ ರಸ್ತೆಗೆ ಇನ್ನೊಬ್ಬರ ಮಗನನ್ನು ಬೈಕಿನಲ್ಲಿ ಇಳಿಸುವುದು ಯಾವ ನ್ಯಾಯ? ಅನ್ನ, ಚಟ್ನಿಪುಡಿ, ಉಪ್ಪಿನಕಾಯಿ ಸಾಕು.

ಶನಿವಾರ ಪದೇಪದೇ ಫೋನು ಮಾಡಿ ನಿನ್ನ ಬ್ಯಾಟರಿ ಮುಗಿಸುವುದಿಲ್ಲ. ಬೆಳಿಗ್ಗೆ ಒಂದು, ರಾತ್ರಿ ಒಂದು ಎಸ್ಸೆಮ್ಮೆಸ್ ಹಾಕು. ಕರೆ ಸಿಗದಾಗಲೂ ಅದು ಬರುವುದುಂಟು. ನಿಮ್ಮಮ್ಮನಿಗೆ ನಾನೇ ತಿಳಿಸುತ್ತೇನೆ. ಟಿಕೆಟ್ ರದ್ದಾದ ಮೆಸೇಜನ್ನು ಇವತ್ತು ಸಂಜೆಯೊಳಗೆ ನನಗೆ ಕಳಿಸು.

ಇಂತಿ ನಿನ್ನ
ದೊಡ್ಡಮ್ಮ